ಡುಮ್ಮಕ್ಕ ಎಂಬ ಫಾಂಟು

ಹೊಸ ಫಾಂಟು ಕೈಗೂಡಿದ ಖುಷಿಗೆ ತಂಗಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಅಕ್ಷರ ರೂಪಿಸುವುದೇ ಅವಳ ಕಸುಬು. ಈ ಸಲದ್ದು ದಪ್ಪ, ದುಂಡು. ಹುಡುಕಿದರೂ ಒಂದು ಚೂಪು ಮೂಲೆಯಿಲ್ಲ. ಶ್ರದ್ಧಾಂಜಲಿಗೆ ಹಾಕಿದರೆ ಸತ್ತವರೂ ನಕ್ಕಾರು. ಪುಸ್ತಕದ ಒಳಪುಟಕ್ಕೆ ಇಳಿಸಿದರೆ ಸಂದುಗಳೆಲ್ಲ ಮುಚ್ಚಿ ಬರೀ ಮಸಿಯುಂಡೆ. ಆದರೆ ಗೋಡೆಯಗಲ ಹಿಗ್ಗಿಸಿ ನೋಡಿ, ಬೀದಿಯ ಆ ತುದಿಯಿಂದಲೇ ಕೈ ಬೀಸಿ ಕರೆಯುತ್ತದೆ!

ಅದನ್ನು ಬರೆದದ್ದು ಅಕ್ಕನನ್ನು ನೋಡಿಕೊಂಡು. ಅಕ್ಕ ಈಜು ಕಲಿಸುವವಳು. ಮೈಕೈ ತುಂಬಿಕೊಂಡ ಹೆಂಗಸು; ನೀರಿಗಿಳಿದರೆ ಮಾತ್ರ ಬೆಂಡಿನ ಹಾಗೆ ತೇಲುತ್ತಾಳೆ. ಈಜುಕೊಳದ ಹಳೆಯ ಬೋರ್ಡಿನ ಕಡ್ಡಿ ಅಕ್ಷರಗಳು ಎಂಥವರನ್ನೂ ಗದರಿಸುವಂತಿದ್ದವು, ಮಕ್ಕಳು ಗೇಟಿನಲ್ಲೇ ಅಳು ತೆಗೆಯುತ್ತಿದ್ದರು. ಹೊಸ ಬ್ಯಾನರಿಗೆ ಈ ದುಂಡು ಅಕ್ಷರವೇ ಸೈ ಎಂದು ತಂಗಿ ಕೆಲಸ ಮಾಡುವ ಪ್ರೆಸ್ಸಿನ ಯಜಮಾನರು ಕುಣಿದಾಡಿದ್ದರು.

ತಾಪತ್ರಯ ತಂದದ್ದು ಹೆಸರು. ಬರೆಯುವಾಗ ತಂಗಿ ಅದನ್ನು ಮನಸ್ಸಿನಲ್ಲೇ ಡುಮ್ಮಕ್ಕ ಎಂದು ಮುದ್ದು ಮಾಡಿದ್ದಳು. ಫಾಂಟಿಗೂ ಅದೇ ಅಂಟಿಕೊಂಡಿತು. ಚಿಕ್ಕಂದಿನಲ್ಲಿ ಬೀದಿಯವರು ಹಾಗೆ ರೇಗಿಸಿದಾಗ ಅಕ್ಕ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತದ್ದನ್ನು ತಂಗಿ ಕೇಳಿಸಿಕೊಂಡಿದ್ದಳು. ಈಗ ಅಕ್ಕ ಈ ಅಕ್ಷರಗಳಲ್ಲಿ ತನ್ನನ್ನೇ ಗುರುತು ಹಿಡಿದರೆ? ಹೆದರಿ, ಮಾದರಿಯನ್ನು ಅಚ್ಚಿಗೆ ಕಳಿಸುವ ಮುಂಚೆ ಒಂದೊಂದೇ ಅಕ್ಷರದ ಹೊಟ್ಟೆಯನ್ನು ಒಳಗೆ ಎಳೆದಳು. ಹೆಸರು ಬದಲಿಸುವುದನ್ನು ಮರೆತೇಬಿಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಬ್ಯಾನರಿನ ಮಾದರಿ ಒಪ್ಪಿ ಹೋಗಲು ಈಜುಕೊಳದ ಕಡೆಯಿಂದ ಅಕ್ಕನೇ ಪ್ರೆಸ್ಸಿಗೆ ಬಂದಳು. ಕೂದಲಿನ್ನೂ ಒದ್ದೆ. ಯಜಮಾನರು ಹಾಳೆಯನ್ನು ಮೇಜಿನಗಲ ಹರವಿ, "ಫಾಂಟಿನ ಹೆಸರು ಡುಮ್ಮಕ್ಕ ಅಂತೆ! ಹೇಗಿದೆ?" ಎಂದರು.

ತಂಗಿ ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದಳು. ಅಕ್ಕ ಬಗ್ಗಿ ಒಂದು ಅಕ್ಷರದ ಸುತ್ತ ಬೆರಳಾಡಿಸಿದಳು.

"ಇದು ನಾನೇನೇ?"

"ಅಕ್ಕಾ, ತಪ್ಪು ತಿಳ್ಕೋಬೇಡ..."

"ಹೌದೋ ಅಲ್ವೋ, ಅಷ್ಟು ಹೇಳು."

"ಹೌದು. ನೀನು ನೀರಲ್ಲಿ ಇರೋದನ್ನ ನೋಡಿ ಬರೆದೆ. ಅಷ್ಟು ಚೆಂದದ್ದು ನಾನು ಬೇರೆ ಏನೂ ನೋಡಿಲ್ಲ."

ಅಕ್ಕನ ಕಣ್ಣು ತುಂಬಿತು. ಯಜಮಾನರು ಸುಮ್ಮನೆ ಸೀಲಿಂಗ್ ಫ್ಯಾನನ್ನು ನೋಡತೊಡಗಿದರು. ಅಷ್ಟರಲ್ಲಿ ಅಕ್ಕ ಹಾಳೆಯ ಮೇಲೆ ಟಪ್ಪೆಂದು ಬಡಿದಳು.

"ಮತ್ತೆ ಈ ಅಕ್ಷರಗಳೆಲ್ಲ ಯಾಕೆ ಹೊಟ್ಟೆ ಒಳಗೆಳ್ಕೊಂಡು ನಿಂತಿವೆ? ಹೊಟ್ಟೆ ಬಿಗಿ ಹಿಡಿದ್ರೆ ಮುಳುಗ್ತೀರಿ ಅಂತ ದಿನಾ ಮಕ್ಕಳಿಗೆ ಬಾಯಿ ಬಡ್ಕೊಳ್ತೀನಿ. ನನ್ನನ್ನೇ ಹಿಂಗೆ ನಿಲ್ಲಿಸಿದ್ದೀಯಲ್ಲೇ! ಸಡಿಲ ಬಿಡು!"

ತಂಗಿ ಕಂಪ್ಯೂಟರಿನತ್ತ ಓಡಿದಳು. ಬಾಯಿ ನಗುತ್ತಿತ್ತು. ಒಂದೊಂದೇ ಗೆರೆ ಹೊರಕ್ಕೆ ಹಿಗ್ಗಿದಂತೆ ಬೆನ್ನ ಹಿಂದೆ ಅಕ್ಕ, "ಇನ್ನೂ! ಇನ್ನೂ ಸ್ವಲ್ಪ! ಹಾಂ, ತೇಲ್ತು ನೋಡು!" ಎಂದು ಕೊಳದ ದಂಡೆಯಲ್ಲಿ ಕೂಗುವಂತೆಯೇ ಕೂಗಿದಳು.

"ಹೆಸರು ಬೇರೆ ಏನಾದ್ರೂ ಇಡೋಣ್ವಾ?" ಯಜಮಾನರು ಮೆಲ್ಲಗೆ ಕೇಳಿದರು.

"ಮುಟ್ಟಬೇಡಿ," ಎಂದಳು ಅಕ್ಕ. "ಇಷ್ಟು ವರ್ಷ ಬೇರೆಯವರು ಕರೀತಿದ್ರು. ಇವತ್ತು ನನ್ನ ತಂಗಿ ಕರೆದಿದ್ದಾಳೆ."