ಎರಡು ಲೆನ್ಸು, ಒಂದು ಮಡಿಬಟ್ಟೆ

ಮೊದಲು ಬಳ್ಳಾರಿಯ ಬ್ರೂಸ್‌ಪೇಟೆ, ಬಿಸಿಲೇರುವ ಮುಂಚೆ ಕುರುಗೋಡು, ಮಧ್ಯಾಹ್ನಕ್ಕೆ ಸಿರುಗುಪ್ಪ, ಜಾವೇದನ ಕ್ಯಾಮೆರಾ ಅಂಗಡಿ ಮುಚ್ಚುವುದರೊಳಗೆ ಮತ್ತೆ ಬ್ರೂಸ್‌ಪೇಟೆ. ಪ್ರತಿ ಸ್ಥಳದಲ್ಲಿ ಮೊದಲು ಗಿಡ್ಡ ಲೆನ್ಸು, ಆಮೇಲೆ ಉದ್ದ ಲೆನ್ಸು. ಅದೇ ಬೆಳಕು, ಅದೇ ನಿಲುವು. ಅನುಕ್ರಮ ತಪ್ಪಿದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ರಘೋತ್ತಮ ಹಲ್ಲುಜ್ಜುತ್ತಲೇ ಇದನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಓಡಿಸಿದ. ಸಿರುಗುಪ್ಪದಲ್ಲಿ ಇನ್ನೊಂದು ಕೆಲಸವೂ ಇತ್ತು. ಮದುವೆಗೆ ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಶ್ರೀಪ್ರಿಯಾ ಇವತ್ತು ಹೇಳುವವಳಿದ್ದಳು. ಅದಕ್ಕೂ ಅನುಕ್ರಮದಲ್ಲಿ ಜಾಗ ಮಾಡಿದ್ದ: ಉದ್ದ ಲೆನ್ಸಿನ ನಂತರ.

ಹೊಸ ಕ್ಯಾಮೆರಾ ಮನೆಗೆ ಬಂದು ವಾರವಾಗಿತ್ತು. ಫುಲ್ ಫ್ರೇಮ್. ಅದರೊಳಗೆ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಹಳೆಯ ಕಾಲದ ಫಿಲ್ಮಿನಷ್ಟೇ ಅಗಲ. ಹಳೆಯ ಸಣ್ಣ ಕ್ಯಾಮೆರಾದ ಲೆನ್ಸು ಇದಕ್ಕೆ ಸಾಲದು, ಹಾಕಿದರೆ ಚಿತ್ರದ ನಾಲ್ಕೂ ಮೂಲೆ ಕಪ್ಪಾಗುತ್ತವೆ. ಹಾಗಾಗಿ ವಾರವಿಡೀ ಹೊಸ ಕ್ಯಾಮೆರಾ ಬಾಯಿಗೆ ಮುಚ್ಚಳ ಹಾಕಿಕೊಂಡು ಕಪಾಟಿನಲ್ಲಿ ಕೂತಿತ್ತು. ಪ್ರಯೋಗಾಲಯದಿಂದ ಬಂದವನೇ ಅವನು ಅದನ್ನು ಎತ್ತಿ, ಭಾರ ನೋಡಿ, ಮತ್ತೆ ಇಡುತ್ತಿದ್ದ. ಅಷ್ಟಕ್ಕೇ ಎದೆ ಹಗುರಾಗುತ್ತಿತ್ತು.

ಬೇಕಾದದ್ದು ಒಂದೇ ಲೆನ್ಸು. ಪ್ರವಾಸಕ್ಕೆ ಒಂದೇ ಸಾಕಾಗಬೇಕು, ಏಕೆಂದರೆ ಲೆನ್ಸು ಬದಲಾಯಿಸುವುದೆಂದರೆ ಕ್ಯಾಮೆರಾದ ಬಾಯಿ ತೆರೆಯುವುದು, ತೆರೆದ ಬಾಯಿಯೊಳಗೆ ಧೂಳು ಹೋಗಿ ಸೆನ್ಸರಿನ ಮೇಲೆ ಕೂರುವುದು. ಮದುವೆಯಾದ ಮೇಲೆ ಹಿಮಾಚಲಕ್ಕೆ ಹೋಗುವುದೆಂದು ಅವನು ತೀರ್ಮಾನಿಸಿಯಾಗಿತ್ತು. ಯಾವ ಕಣಿವೆಯಲ್ಲಿ ಯಾವ ಹೊತ್ತಿಗೆ ಬೆಳಕು ಎಲ್ಲಿಂದ ಬೀಳುತ್ತದೆ ಎಂಬುದನ್ನೂ ತಿಳಿದುಕೊಂಡಿದ್ದ. ಶ್ರೀಪ್ರಿಯಾಗೆ ಇನ್ನೂ ಹೇಳಿರಲಿಲ್ಲ.

"ಅಮ್ಮ, ಒಂದು ಶುದ್ಧ ಬಟ್ಟೆ ಬೇಕು. ಮೆತ್ತಗಿರಬೇಕು."

ಇವತ್ತಿನ ಪರೀಕ್ಷೆಗೆ ಲೆನ್ಸು ಬದಲಾಯಿಸದೆ ಗತ್ಯಂತರವಿರಲಿಲ್ಲ. ಬದಲಾಯಿಸುವಾಗ ಕ್ಯಾಮೆರಾಕ್ಕೆ ಮುಸುಕು ಹಾಕಿ, ಮುಸುಕಿನೊಳಗೇ ಕೈಯಾಡಿಸುವುದೆಂದು ಯೋಚಿಸಿದ್ದ.

ತಾಯಿ ಸೀತಾಬಾಯಿ ಮಾಳಿಗೆಗೆ ಹೋಗಿ, ಎತ್ತರದ ಗಳದ ಮೇಲೆ ಒಣಗುತ್ತಿದ್ದ ಹಳೆಯ ಪಂಚೆಯೊಂದನ್ನು ಕೈ ತಾಕದಂತೆ ಮಡಿಕೋಲಿನಿಂದಲೇ ಎತ್ತಿ ತಂದರು. ಅವನ ಚೀಲದೊಳಗೆ ಕೋಲಿನಿಂದಲೇ ಇಳಿಸಿದರು.

"ಇದಕ್ಕಿಂತ ಶುದ್ಧ ಯಾವುದದ? ನಿನ್ನೆ ಒಣಹಾಕಿದಾಗಿನಿಂದ ಯಾರೂ ಮುಟ್ಟಿಲ್ಲ."

"ಅದೇ ಬೇಕಾದದ್ದು."

"ಆ ಹುಡುಗಿ ಏನಂತಾಳೋ ಕೇಳಿಕೊಂಡು ಬಾ. ಕ್ಯಾಮೆರಾದಾಗ ಮುಖ ಇಟ್ಕೊಂಡು ಮರೀಬ್ಯಾಡ."

ಮನೆಯ ಮುಂದೆ ಅದಿರಿನ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದರಂತೆ ನಿಂತಿದ್ದವು. ರಾತ್ರಿಯೆಲ್ಲ ಹೋಗುತ್ತವೆ, ಹಗಲೂ ಹೋಗುತ್ತವೆ. ಎಷ್ಟು ಕಳಿಸಿದರೂ ಚೀನಾಕ್ಕೆ ಆ ಮಣ್ಣು ಸಾಲದಾಗಿತ್ತು. ಆ ಮಣ್ಣಿನಲ್ಲಿ ಕಬ್ಬಿಣದ ಅಂಶ ಎಷ್ಟೆಂದು ಪ್ರಯೋಗಾಲಯದಲ್ಲಿ ಅಳೆದು ಹೇಳುವುದು ರಘೋತ್ತಮನ ವೃತ್ತಿ. ಅವನು ಮುಖಕ್ಕೆ ಕರವಸ್ತ್ರ ಕಟ್ಟಿ, ಕ್ಯಾಮೆರಾ ಚೀಲವನ್ನು ಎದೆಗೆ ಹಾಕಿಕೊಂಡು ಬೈಕು ಹತ್ತಿದ.

*

ಜಾವೇದ್ ಅವನ ಜೊತೆ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಈಗ ಬ್ರೂಸ್‌ಪೇಟೆಯ ಓಣಿಯಲ್ಲಿ ತಂದೆಯ ಸ್ಟುಡಿಯೋವನ್ನು ಕ್ಯಾಮೆರಾ ಅಂಗಡಿ ಮಾಡಿದ್ದ. ಎರಡು ಡಬ್ಬಿಗಳನ್ನು ಗಾಜಿನ ಮೇಲೆ ಇಟ್ಟು, ಕೈಕಟ್ಟಿ ನಿಂತ.

"ಇದು ಗಿಡ್ಡ. ಇಪ್ಪತ್ನಾಲ್ಕರಿಂದ ನೂರೈದು. ಇದು ಉದ್ದ. ಇಪ್ಪತ್ತೆಂಟರಿಂದ ಮುನ್ನೂರು. ಸಂಜಿಗೆ ಒಂದು ನಿಂದು, ಒಂದು ವಾಪಸ್. ಗಿರಾಕಿ ಕಾಯಾಕ ಹತ್ಯಾನ."

"ಯಾವುದಕ್ಕೆ ಕಾಯ್ತಿದ್ದಾನೆ?"

"ನೀನು ಬಿಟ್ಟಿದ್ದಕ್ಕ. ಮೈನ್ಸಿನೋರು ಬಂದ್ರ ಹಿಂಗ ಕೇಳಂಗಿಲ್ಲಪ್ಪ. ಎಲ್ಲಾಕಿಂತ ಉದ್ದಂದು ಕೊಡು ಅಂತಾರ, ಒಯ್ದು ಶೋಕೇಸಿನಾಗ ಇಡ್ತಾರ."

"ಗಿಡ್ಡದು ಹೆಚ್ಚು ಸ್ಪಷ್ಟ. ಆದರೆ ಹತ್ತಿರ ಹೋಗಬೇಕು. ಉದ್ದದರಲ್ಲಿ ನಿಂತಲ್ಲೇ ಎಲ್ಲ ಸಿಗುತ್ತೆ, ಸ್ಪಷ್ಟತೆ ಸ್ವಲ್ಪ ಕಡಿಮೆ. ಎಷ್ಟು ಕಡಿಮೆ ಅನ್ನೋದೇ ಪ್ರಶ್ನೆ."

"ಹತ್ರ ಹೋದ್ರ ಏನಾಕೈತಿ ನಿಂಗ?"

ರಘೋತ್ತಮ ಎಲ್ಲ ಚಿತ್ರಕ್ಕೂ ಲೆನ್ಸಿನ ಬೆಳಕಿನ ಕಿಂಡಿ, ಅಪರ್ಚರ್, ಒಂದೇ ಇರಲೆಂದು ಅದನ್ನು ಕಿರಿದು ಮಾಡಿ ಸ್ಥಿರಗೊಳಿಸಿದ. ಗಿಡ್ಡ ಲೆನ್ಸನ್ನು ಅಂಗಡಿಯೊಳಗೇ ಹಾಕಿಸಿಕೊಂಡು, ಹೊರಗೆ ಬಂದು ಬರಿಯ ಆಕಾಶದ ಒಂದು ಚಿತ್ರ ತೆಗೆದ. ಮೊದಲ ಚಿತ್ರ. ಹಿಂದಿನ ಪರದೆಯ ಮೇಲೆ ನೀಲಿ ನಿರ್ಮಲವಾಗಿ ಹರಡಿತ್ತು. ಉದ್ದದ್ದಕ್ಕೆ ಬದಲಾಯಿಸಲು ಪಂಚೆ ತೆಗೆದು ಕ್ಯಾಮೆರಾದ ಮೇಲೆ ಹೊದಿಸಿದ.

ಜಾವೇದ್ ಬಾಗಿಲಿಗೆ ಒರಗಿ ನೋಡಿದ. "ಏನ್ ಆಚಾರ್ರೆ, ಕ್ಯಾಮೆರಾಕ್ಕೂ ಮಡಿ ಉಡಿಸೀರಿ?"

"ಧೂಳು ಹೋಗಬಾರದು."

"ಹೋಗಂಗಿಲ್ಲ ಬಿಡ್ರಿ. ನಾನಂತೂ ಮುಟ್ಟಂಗಿಲ್ಲ."

*

ಬಾದನಹಟ್ಟಿ ದಾಟುವಾಗ ಬಯಲಿನ ತುಂಬ ಮೆಣಸಿನಕಾಯಿ ಹರವಿದ್ದರು. ಕೆಂಪು ಎಂಬುದು ಇಷ್ಟು ದೊಡ್ಡದಾಗಿರಬಹುದೆಂದು ಅವನು ಎಣಿಸಿರಲಿಲ್ಲ. ಕುರುಗೋಡಿನ ಬಂಡೆಗುಡ್ಡವನ್ನು ಆಗಲೇ ಎರಡೂ ಲೆನ್ಸಿನಲ್ಲಿ ತೆಗೆದಿದ್ದ. ಪಂಚೆಯೊಳಗೆ ಬದಲಾಯಿಸುವುದು ಈಗ ಕೈಗೆ ಪಳಗಿತ್ತು. ಬೈಕು ನಿಲ್ಲಿಸಿ ಕಾಲುವೆಯ ಏರಿ ಹತ್ತಿದ. ಗಿಡ್ಡದರಲ್ಲಿ ಬಯಲು ಬಯಲಾಗಿ ಬಂತು, ಮನುಷ್ಯರು ಎಳ್ಳಿನಷ್ಟಾದರು. ಉದ್ದದರಲ್ಲಿ ಒಬ್ಬ ಮುದುಕಿ, ಅವಳ ಕೈ, ಕೈಯೊಳಗಿನ ಕಾಯಿ, ಕಾಯಿಯ ತೊಟ್ಟು. ಅವನು ಉಸಿರು ಹಿಡಿದ. ಜಗತ್ತು ತಾನಾಗಿಯೇ ಬಳಿಗೆ ಬರುತ್ತಿತ್ತು. ಅವನು ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಪಕ್ಕದ ಹೆಂಗಸರು ಏನೋ ಹೇಳಿದರು. ಮುದುಕಿ ತಲೆಯೆತ್ತಿ, ಹಣೆಗೆ ಕೈ ಅಡ್ಡ ಹಿಡಿದಳು.

"ಅಲ್ಲಿಂದ ಏನ್ ಕಾಣ್ತೈತಪ್ಪಾ ನಿಂಗ? ಇಲ್ಲಿ ಬಾ, ಚಲೋ ತೆಗಿ."

"ಇಲ್ಲಿಂದಲೇ ಚೆನ್ನಾಗಿ ಕಾಣುತ್ತೆ, ಅಮ್ಮ."

"ಏ ಗಾದೆಮ್ಮಾ, ನಿನ್ನ ಮಾರಿ ನೋಡಿ ಅಂಜ್ಯಾನ," ಎಂದಳು ಒಬ್ಬಳು. ಬಯಲೆಲ್ಲ ನಕ್ಕಿತು.

ಗಾದೆಮ್ಮನೂ ನಕ್ಕಳು. "ಘಾಟಿಗೆ ಅಂಜ್ಯಾನೇಳು. ಪ್ಯಾಟಿ ಮೂಗು."

ಅವಳು ಅವನತ್ತ ನೋಡಿದ ಕೂಡಲೇ ಚಿತ್ರ ಕೆಟ್ಟಿತೆಂದು ಅವನಿಗೆ ಅನಿಸಿತು. ನೋಡದೆ ಇದ್ದಾಗಿನ ಚಿತ್ರವನ್ನು ಉಳಿಸಿಕೊಂಡು, ನಕ್ಕದ್ದನ್ನು ಅಳಿಸಿದ. ಉದ್ದದ್ದೇ ಇರಬೇಕು ಎಂದು ಮನಸ್ಸು ವಾಲಿತು. ಆದರೆ ಸ್ಪಷ್ಟತೆಯ ಪ್ರಶ್ನೆ ಇನ್ನೂ ಇತ್ತು. ಇರುವುದು ಒಳ್ಳೆಯದೇ, ಪ್ರಶ್ನೆ ಇರುವವರೆಗೆ ಆನಂದವೂ ಇರುತ್ತದೆ.

*

ಶನಿವಾರದ ಶಾಲೆ ಬಿಡುವ ಹೊತ್ತು. ಶ್ರೀಪ್ರಿಯಾ ಸಿರುಗುಪ್ಪದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ರಘೋತ್ತಮ ಗೇಟಿನ ಎದುರು, ರಸ್ತೆಯ ಆಚೆಯ ಬೇವಿನ ಮರದ ಕೆಳಗೆ ನಿಂತ. ಕ್ಯಾಮೆರಾದಲ್ಲಿ ಉದ್ದ ಲೆನ್ಸೇ ಇತ್ತು. ಇಲ್ಲಿ ಅನುಕ್ರಮ ಮೊದಲ ಬಾರಿಗೆ ತಪ್ಪಿತು, ಅವನಿಗೆ ಬೇಸರವಾಗಲಿಲ್ಲ.

ಅವಳು ವರಾಂಡದಲ್ಲಿ ಯಾವುದೋ ಹುಡುಗಿಯ ಜಡೆಯ ರಿಬ್ಬನ್ನು ಬಿಗಿಯುತ್ತಿದ್ದಳು. ಮುನ್ನೂರಕ್ಕೆ ತಿರುಗಿಸಿದ. ಹುಬ್ಬಿನ ಪಕ್ಕ ಸೀಮೆಸುಣ್ಣದ ಪುಡಿ. ತುಟಿ ಏನನ್ನೋ ಹೇಳುತ್ತಿತ್ತು, ಕೇಳಿಸುತ್ತಿರಲಿಲ್ಲ. ಕೇಳಿಸದಿದ್ದುದರಿಂದಲೇ ಅವಳು ಪೂರ್ಣಳಾಗಿದ್ದಳು. ಒಂದು, ಇನ್ನೊಂದು, ಮತ್ತೊಂದು. ಇವಳನ್ನು ಮದುವೆಯಾಗಬೇಕು ಎಂದು ಅವನಿಗೆ ಬಲವಾಗಿ ಅನಿಸಿದ್ದು ಆ ಮರದ ಕೆಳಗೆ.

ಮಕ್ಕಳೆಲ್ಲ ಹೋದ ಮೇಲೆ ಒಳಗೆ ಹೋದ.

"ಯಾವಾಗ ಬಂದ್ರಿ?"

"ಈಗ."

"ಬೇವಿನ ಮರದ ಕೆಳಗ ಯಾರೋ ನಿಂತಾರ ಅಂತ ಹುಡುಗ್ಯಾರು ಹೇಳಲಿಕ್ಕತ್ತಿದ್ರು. ನೀವಲ್ಲ ಬಿಡ್ರಿ ಹಂಗಾರ."

ಅವನು ನಗಲು ನೋಡಿದ. ಅವಳನ್ನು 'ನೀನು' ಎನ್ನಬೇಕೋ 'ನೀವು' ಎನ್ನಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಹಾಗಾಗಿ ಸರ್ವನಾಮ ಬರದ ವಾಕ್ಯಗಳನ್ನೇ ಕಟ್ಟುತ್ತಿದ್ದ. ಅದು ಅಭ್ಯಾಸವಾಗಿತ್ತು.

"ಒಂದು ಫೋಟೋ ತೆಗೆಯಬಹುದಾ? ಸುಣ್ಣದ ಗೋಡೆ ಚೆನ್ನಾಗಿದೆ."

"ಗೋಡೆದೋ?"

"ಗೋಡೆ ಮುಂದೆ."

ಅವಳು ಹೋಗಿ ನಿಂತಳು. "ಹತ್ತಿರದಿಂದ ತೆಗೀರಿ. ನಮ್ಮ ಮನಿಯೊಳಗ ನನ್ನವು ಎಲ್ಲಾ ಗ್ರೂಪ್ ಫೋಟೋನೇ ಅವ. ಮೂಲ್ಯಾಗ ನಿಂತಿರ್ತೀನಿ."

ಗಿಡ್ಡದ್ದಕ್ಕೆ ಬದಲಾಯಿಸಬೇಕಿತ್ತು. ಅವನು ಕಟ್ಟೆಯ ಮೇಲೆ ಕೂತು ಪಂಚೆ ತೆಗೆದ, ಹೊದಿಸಿದ, ಒಳಗೆ ಕೈ ಹಾಕಿದ. ಶ್ರೀಪ್ರಿಯಾ ಕುತೂಹಲದಿಂದ ಬಂದು ಪಕ್ಕದಲ್ಲಿ ಕೂತಳು. ಮುಸುಕಿನ ತುದಿ ಗಾಳಿಗೆ ಹಾರುತ್ತಿತ್ತು. ಅದನ್ನು ಹಿಡಿಯಲು ಕೈ ಚಾಚಿದಳು.

"ಮುಟ್ಟಬ್ಯಾಡ."

ಅವನು ಹೇಳಬೇಕೆಂದಿದ್ದು ಬೇರೆ. ಬೆರಳಿನಲ್ಲಿ ಸೀಮೆಸುಣ್ಣ ಇದೆ, ಕ್ಯಾಮೆರಾದ ಬಾಯಿ ತೆರೆದಿದೆ, ಒಂದು ಕ್ಷಣ ತಡೆಯಿರಿ. ಆದರೆ ಬಂದದ್ದು ಆ ಒಂದೇ ಮಾತು. ತಾಯಿ ಮಡಿಬಟ್ಟೆ ಹಿಡಿದು ಮಾಳಿಗೆಯಿಂದ ಇಳಿಯುವಾಗ ಹೇಳುವ ಅದೇ ಧ್ವನಿಯಲ್ಲಿ ಬಂತು. ಅವಳನ್ನು ಅವನು ಏಕವಚನದಲ್ಲಿ ಕರೆದದ್ದೂ ಅದೇ ಮೊದಲು.

ಶ್ರೀಪ್ರಿಯಾ ಕೈ ಹಿಂತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಮ್ಮಜ್ಜಿ ಹೋದ ಮ್ಯಾಲೆ ಈ ಮಾತು ಕೇಳಿದ್ದಿಲ್ಲ ನಾನು."

"ಧೂಳು... ಸೆನ್ಸರ್ ಬಹಳ ಸೂಕ್ಷ್ಮ."

"ಇರಲಿ."

ಗೋಡೆಯ ಮುಂದೆ ಮತ್ತೆ ನಿಂತಳು. ಗಿಡ್ಡ ಲೆನ್ಸಿನಲ್ಲಿ ಅವಳ ಮುಖ ಚೌಕಟ್ಟು ತುಂಬಬೇಕಾದರೆ ಒಂದು ಮಾರಿನಷ್ಟು ಹತ್ತಿರ ಹೋಗಬೇಕಿತ್ತು. ಅವನು ಹೋದ. ಅವಳು ನೇರ ಲೆನ್ಸಿನೊಳಗೆ, ಲೆನ್ಸಿನಾಚೆ, ನೋಡಿದಳು. ಅವಳ ಉಸಿರಿನ ಸದ್ದು ಕೇಳಿಸಿತು. ಅವನ ಕಾಲುಗಳು ತಾವಾಗಿ ಹಿಂದೆ ಸರಿದವು; ಚೌಕಟ್ಟಿನಲ್ಲಿ ಗೋಡೆ ಬೆಳೆಯಿತು, ಶ್ರೀಪ್ರಿಯಾ ಕಿರಿದಾದಳು. ಕ್ಲಿಕ್ ಎಂದಿತು.

"ಈಗ ಉದ್ದದರಲ್ಲಿ ಒಂದು," ಎಂದ. ಮತ್ತೆ ಪಂಚೆ. ಈ ಸಲ ಅವಳು ಗೋಡೆ ಬಿಟ್ಟು ಕದಲಲಿಲ್ಲ. ಅವನು ಹಿಂದಕ್ಕೆ, ಇನ್ನೂ ಹಿಂದಕ್ಕೆ, ಧ್ವಜಸ್ತಂಭದವರೆಗೆ ನಡೆದ.

"ಅಷ್ಟು ದೂರ ಯಾಕ?"

"ಲೆನ್ಸಿಗೆ ದೂರ ಬೇಕು."

"ಲೆನ್ಸಿಗೆ?"

ಕ್ಲಿಕ್ ಎಂದಿತು. ಚಿತ್ರ ಅದ್ಭುತವಾಗಿತ್ತು. ಅವನು ಓಡಿ ಬಂದು ಪರದೆ ತೋರಿಸಿದ. ತೋರಿಸುವ ಭರದಲ್ಲಿ ಬೇವಿನ ಮರದ ಕೆಳಗಿನವೂ ಬಂದವು. ಅವಳು ಒಂದೊಂದನ್ನೇ ನೋಡಿದಳು.

"ಚಲೋ ಬಂದಾವ," ಎಂದಳು ಕೊನೆಗೆ. "ನಾನು ನಿಮ್ಮನ್ನ ನೋಡದಿದ್ದಾಗಿನವು ಎಲ್ಲಾ ಚಲೋ ಬಂದಾವ."

"ಬೆಳಕು ಹಾಗಿತ್ತು."

"ಹೌದು, ಬೆಳಕು." ಬ್ಯಾಗು ಹೆಗಲಿಗೇರಿಸಿದಳು. "ಇವತ್ತು ಹೇಳ್ತೀನಿ ಅಂದಿದ್ದೆ. ಸಂಜಿಗೆ ಫೋನ್ ಮಾಡ್ತೀನಿ. ಎತ್ತುತೀರಲ್ಲ?"

"ಖಂಡಿತ."

ಅವನಿಗೆ ನಿರಾಳವಾಯಿತು. ಸಂಜೆ ಎಂದರೆ ಎರಡೂ ಫಲಿತಾಂಶ ಒಟ್ಟಿಗೇ ಬರುತ್ತವೆ. ದೇಶನೂರಿನ ಹಸಿರು ಗದ್ದೆಗಳ ಮಗ್ಗುಲಿನಲ್ಲಿ ಬೈಕು ಹಾರಿಸಿಕೊಂಡು ಬರುವಾಗ, ಕರವಸ್ತ್ರದೊಳಗೆ ಅವನು ಸಿಳ್ಳೆ ಹಾಕುತ್ತಿದ್ದ.

*

ಜಾವೇದ್ ದೊಡ್ಡ ಮಾನಿಟರ್ ಹಚ್ಚಿದ. ಇಬ್ಬರೂ ಸ್ಟೂಲಿನ ಮೇಲೆ ಕೂತರು. ರಘೋತ್ತಮ ತನ್ನ ಮೊಬೈಲನ್ನು ಗಾಜಿನ ಮೇಲೆ, ಎರಡು ಲೆನ್ಸುಗಳ ನಡುವೆ ಇಟ್ಟ.

"ಏನಂದ್ಳು?"

"ಫೋನ್ ಮಾಡ್ತಾಳೆ. ಮೊದಲು ಇದು ನೋಡು."

ಶ್ರೀಪ್ರಿಯಾ ಪರದೆಯ ತುಂಬ ಬಂದಳು. ಉದ್ದದ್ದು. ರೆಪ್ಪೆ ಎಣಿಸಬಹುದಿತ್ತು. ಎಡಗೆನ್ನೆಯ ಮೇಲೆ ಒಂದು ಕಲೆ, ಮಸುಕು ಕಪ್ಪು.

"ಮಚ್ಚಿ ಐತೇನು?"

"ಇಲ್ಲ." ಅವಳ ಕೆನ್ನೆಯಲ್ಲಿ ಮಚ್ಚೆ ಇಲ್ಲವೆಂಬುದು ಅವನಿಗೆ ಗೊತ್ತಿತ್ತೇ? ಇರಲಿಕ್ಕಿಲ್ಲ ಎಂದುಕೊಂಡ. ಮಾನಿಟರಿನ ಗಾಜನ್ನು ಒರೆಸಿದ. ಹೋಗಲಿಲ್ಲ. ಉದ್ದ ಲೆನ್ಸನ್ನು ಎತ್ತಿ ದೀಪಕ್ಕೆ ಹಿಡಿದ, ನಿರ್ಮಲವಾಗಿತ್ತು. ಉದ್ದದ್ದರ ದೋಷವಾದರೆ ಗಿಡ್ಡದ್ದೇ ಸರಿ, ಪ್ರಶ್ನೆ ಬಗೆಹರಿಯಿತು. ಉತ್ಸಾಹದಿಂದಲೇ ಗಿಡ್ಡದ್ದರ ಚಿತ್ರ ತೆರೆದ. ಅಲ್ಲಿ ಶ್ರೀಪ್ರಿಯಾ ಸಣ್ಣವಳಾಗಿ ನಿಂತಿದ್ದಳು. ಕಲೆ ಅವಳ ಪಕ್ಕದ ಗೋಡೆಯ ಮೇಲೆ, ಚೌಕಟ್ಟಿನ ಅದೇ ಜಾಗದಲ್ಲಿ ಕೂತಿತ್ತು.

ಕುರುಗೋಡಿನ ಗುಡ್ಡ ತೆರೆದ. ಆಕಾಶದಲ್ಲಿ ಕಲೆ. ಗಾದೆಮ್ಮನ ಮೆಣಸಿನಕಾಯಿ. ಕೆಂಪಿನೊಳಗೆ ಅಡಗಿತ್ತು; ಹುಡುಕಿದರೆ ಸಿಕ್ಕಿತು. ಬೆಳಗಿನ ಮೊದಲ ಚಿತ್ರ, ಬ್ರೂಸ್‌ಪೇಟೆಯ ಬರಿಯ ನೀಲಿ ಆಕಾಶ: ಅದೊಂದರಲ್ಲಿ ಇರಲಿಲ್ಲ.

ಆ ಚಿತ್ರಕ್ಕೂ ಅದರ ನಂತರದ್ದಕ್ಕೂ ನಡುವೆ ನಡೆದದ್ದು ಒಂದೇ. ಅವನು ಚೀಲದಿಂದ ಪಂಚೆಯನ್ನು ತೆಗೆದು ಟ್ಯೂಬ್‌ಲೈಟಿನ ಕೆಳಗೆ ಬಿಡಿಸಿದ. ಬಳ್ಳಾರಿಯಲ್ಲಿ ಬಿಳಿ ಎಂದು ಕರೆಯುವ ಬಣ್ಣವೇ ಅದಕ್ಕೂ ಇತ್ತು. ಮಾಳಿಗೆಯ ಗಳದ ಮೇಲೆ, ಲಾರಿಗಳ ರಸ್ತೆಗೆ ಮುಖ ಮಾಡಿ, ಇಡೀ ರಾತ್ರಿ ಯಾರೂ ಮುಟ್ಟದೆ ತೂಗಿದ ಬಟ್ಟೆ. ಒಮ್ಮೆ ಕೊಡವಿದ. ಗಾಜಿನ ಮೇಲೆ ನವಿರಾದ ಕೆಂಪು ಧೂಳು ಇಳಿಯಿತು. ಅದರಲ್ಲಿ ಕಬ್ಬಿಣ ಎಷ್ಟಿರಬಹುದೆಂದು, ಬೇಡವೆಂದರೂ, ಅವನ ಮನಸ್ಸು ಅಂದಾಜು ಕಟ್ಟಿತು.

ಮೊಬೈಲು ನಡುಗತೊಡಗಿತು. ಅದರ ಎರಡೂ ಬದಿಗೆ ಲೆನ್ಸಿನ ಮುಚ್ಚಳಗಳು ಗಾಜಿನ ಮೇಲೆ ಸಣ್ಣಗೆ ಕಟಕಟಿಸಿದವು.

"ಎತ್ತಲೇ. ಸಿರುಗುಪ್ಪದ್ದು."

"ಒಂದು ನಿಮಿಷ."

"ಲೇ ರಘು, ಹುಡುಗಿ ಅದಾಳ ಆ ಕಡಿ."

"ಇದೊಂದು ಮುಗೀಲಿ, ಜಾವೇದ್."

ಅವನು ಎರಡು ಚಿತ್ರಗಳನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟು, ಕಲೆಯಿಂದ ಅಂಚಿಗಿರುವ ದೂರವನ್ನು ಬೆರಳಿನಿಂದ ಅಳೆದ. ಮೊಬೈಲು ನಡುಗಿ ನಡುಗಿ ಗಾಜಿನ ಅಂಚಿನವರೆಗೆ ಸರಿದು, ನಿಂತುಹೋಯಿತು. ಆಮೇಲೆ ರಘೋತ್ತಮ ಪ್ರಯೋಗಾಲಯದಲ್ಲಿ ವರದಿ ಓದಿ ಹೇಳುವ ಸ್ವರದಲ್ಲಿ, ಒಂದೂ ಅಕ್ಷರ ತಡವರಿಸದೆ ಹೇಳಿದ:

"ಗಿಡ್ಡದರಲ್ಲೂ ಉದ್ದದರಲ್ಲೂ ಕಲೆ ಒಂದೇ, ಜಾಗವೂ ಒಂದೇ, ಆದ್ದರಿಂದ ದೋಷ ಲೆನ್ಸಿನದಲ್ಲ, ಒಳಗಿನದು."