ಭಂಡಾರ ಹಿಡಿದು ಆಡಿದ ಮಾತು

ನನ್ನ ತಂಗಿ ಮರೆಮ್ಮನಿಗೆ ಬಾಯಿ ಜೋರು, ಅದನ್ನು ನಾನೂ ಒಪ್ಪುತ್ತೇನೆ. ಜಗಳಕ್ಕೆ ನಿಂತರೆ ಎದುರಿನವರು ನೀರು ಕುಡಿಯಬೇಕು. ಆದರೆ ಸುಳ್ಳು ಅವಳಿಗೆ ಬರುವುದಿಲ್ಲ. ಹೇಳಲು ಹೋದರೆ ಅರ್ಧಕ್ಕೇ ನಕ್ಕು ಸಿಕ್ಕಿಬೀಳುವವಳು. ಅಂಥವಳನ್ನು ಮಹಾಗಾಂವದ ಅವಳ ಅತ್ತೆ ದುಂಡಮ್ಮ ಸುಳ್ಳಿ ಮಾಡಿ ಕೂರಿಸಿದಳು, ಅದೂ ದೇವರ ಸಾಕ್ಷಿಯಾಗಿ.

ಅದು ತೊಂಬತ್ತಾರರ ಮಳೆಗಾಲ. ಮಹಾಗಾಂವದಲ್ಲಿ ಮನೆಮನೆಗೂ ಥಂಡಿಜ್ವರ ಹೊಕ್ಕಿತ್ತು. ಮಲೇರಿಯಾ ಕೆಲಸದ ತುಕಾರಾಮ ಕಮಲಾಪುರದಿಂದ ಸೈಕಲ್ ಮೇಲೆ ಬಂದು, ಬೆರಳು ಚುಚ್ಚಿ ರಕ್ತ ತೆಗೆದು, ಬಿಳಿ ಗುಳಿಗೆ ಕೊಟ್ಟು ಹೋಗುತ್ತಿದ್ದ. ವಿಷದಂಥ ಕಹಿ. ಊರಲ್ಲಿ ಎಷ್ಟೋ ಜನ ಅದನ್ನು ದವಡೆಯಲ್ಲಿಟ್ಟುಕೊಂಡು, ಅವನು ಓಣಿ ದಾಟಿದ ಮೇಲೆ ತಿಪ್ಪೆಗೆ ಉಗುಳುತ್ತಿದ್ದರು. ದುಂಡಮ್ಮನ ಮನೆಯಲ್ಲಿ ಅವಳಿಗೆ, ಮಗ ಕಾಶಿರಾಯನಿಗೆ, ಸೊಸೆ ಮರೆಮ್ಮನಿಗೆ, ಮೂವರಿಗೂ ಜ್ವರ ಬಂತು. ಮೂವರೂ ಗುಳಿಗೆ ತೆಗೆದುಕೊಂಡರು. ತಾಯಿ ಮಗ ಎದ್ದು ಓಡಾಡಿದರು. ಮರೆಮ್ಮನ ಜ್ವರ ಬಿಟ್ಟಿತು, ಒಂದು ವಾರ ಕಳೆಯಿತು, ಮತ್ತೆ ಬಂತು.

“ನಾವು ನುಂಗೀವಿ, ನಮಗ ಆರಾಮಾಗ್ಯಾದ. ನೀ ಉಗುಳಿದಿ,” ಎಂದಳು ದುಂಡಮ್ಮ.

“ನುಂಗೀನ್ರಿ ಅತ್ತಿ,” ಎಂದಳು ಮರೆಮ್ಮ.

ಆ ಮನೆಯಲ್ಲಿ ಮಾತು ತೀರದಿದ್ದರೆ ಅಮೋಘಸಿದ್ದನ ಭಂಡಾರ ಬರುತ್ತದೆ. ದೇವರ ಮುಂದಿನ ಅರಿಶಿನಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಆಡಿದ ಮಾತೇ ಕೊನೆ. ಸುಳ್ಳಾಡಿದರೆ ಅದು ಮೈಯಲ್ಲೇ ತೋರುತ್ತದೆ ಎಂದು ನಂಬಿಕೆ. ನಾವೂ ಅದೇ ದೇವರ ಒಕ್ಕಲು, ನಾನು ಅದನ್ನು ಹಗುರಾಗಿ ಕಾಣುವವಳಲ್ಲ. ಮರೆಮ್ಮ ಧೈರ್ಯವಾಗಿ ಭಂಡಾರ ಹಿಡಿದಳು, ‘ನುಂಗೀನಿ’ ಎಂದಳು. ಮರುದಿನ ಮಧ್ಯಾಹ್ನ ಹಲ್ಲು ಕಟಕಟ ಎನ್ನುವ ಹಾಗೆ ಚಳಿ ಬಂತು. ಅಲ್ಲಿಗೆ ಮುಗಿಯಿತು. ದೇವರೇ ತೀರ್ಪು ಕೊಟ್ಟ ಮೇಲೆ ಡಾಕ್ಟರ ಹತ್ತಿರ ಏನು ಕೆಲಸ? ಮೊದಲು ತಪ್ಪೊಪ್ಪಿಕೊಳ್ಳಬೇಕು, ಆಮೇಲೆ ಔಷಧ. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುತ್ತಾರಲ್ಲ, ಓಣಿಯ ಹೆಂಗಸರೂ ಬಾಗಿಲಲ್ಲಿ ನಿಂತು ‘ಒಪ್ಪಿಕೊಂಡ್ಬಿಡು’ ಎಂದು ಬುದ್ಧಿ ಹೇಳಿ ಹೋದರು.

ಅವಳು ದಿನ ಬಿಟ್ಟು ದಿನ ನಡುಗಿದಳು, ಒಪ್ಪಲಿಲ್ಲ. ಕೊನೆಗೆ ಎದ್ದು ನಿಲ್ಲಲೂ ಆಗದೆ ಹೋದಾಗ ಕಾಶಿರಾಯ ಹೆಂಡತಿಯ ತಲೆದೆಸೆಯಲ್ಲಿ ಕೂತು ಅತ್ತ.

“ಒಂದ್ಸಲ ತಪ್ಪಾತು ಅನ್ನು. ಅವ್ವ ಒಪ್ತಾಳ. ನಾ ಕಲಬುರ್ಗಿಗಿ ಒಯ್ತೀನಿ.”

ತಾಯಿಯ ಮಾತು ಮೀರಿ ಅವಳನ್ನು ಎತ್ತಿಕೊಂಡು ಬರುವ ಎದೆ ಅವನಿಗಿರಲಿಲ್ಲ. ಮರೆಮ್ಮ ಮತ್ತೆ ಭಂಡಾರ ಹಿಡಿದು, “ಉಗುಳೀನಿ, ತಪ್ಪಾತು” ಎಂದಳು.

ನಾನು ಕಲಬುರ್ಗಿಯಲ್ಲಿ ಶರಣಬಸವೇಶ್ವರ ಗುಡಿಯ ಹತ್ತಿರ ಬಾಡಿಗೆಗೆ ಒಂದು ಖೋಲಿ ಹಿಡಿದುಕೊಂಡು, ಹಾಸ್ಟೆಲ್ ಹುಡುಗಿಯರಿಗೆ ರೊಟ್ಟಿ ಬಡಿದು ಬದುಕುತ್ತಿದ್ದೆ. ಕಾಶಿರಾಯ, ದುಂಡಮ್ಮ ಸೇರಿ ಟೆಂಪೋದಿಂದ ತಂಗಿಯನ್ನು ಇಳಿಸಿದಾಗ ಗುರುತೇ ಸಿಗಲಿಲ್ಲ. ಕಣ್ಣು ಹಳದಿ, ತುಟಿ ಬಿಳಿ. ದವಾಖಾನೆಯಲ್ಲಿ ಅವಳ ರಕ್ತ ನೋಡಿದ ಡಾಕ್ಟರ್ ಅನಸೂಯಾಬಾಯಿ ಮೊದಲು ಕೇಳಿದ್ದೇ ಆ ಮಾತು.

“ಹಿಂದ ಕೊಟ್ಟ ಗುಳಗಿ ಪೂರಾ ನುಂಗ್ಯಾಳೇನು?”

“ಇಲ್ರಿ ಬಾಯೇರ, ಉಗುಳ್ಯಾಳ. ತಾನೇ ಒಪ್ಪ್ಯಾಳ,” ಎಂದ ಕಾಶಿರಾಯ.

“ಮತ್ತ ಜ್ವರ ಹೆಂಗ ಹೋಗ್ತಾವ? ಅದೇ ಗುಳಗಿ ಕೊಡ್ತೀನಿ. ಈ ಸಲ ನನ್ನ ಕಣ್ಣ ಮುಂದ ನುಂಗ್ಲಿ.”

ಅವರು ಗುಳಿಗೆ ತರಲು ಒಳಗೆ ಹೋದಾಗ ನಾನು ಮರೆಮ್ಮನ ಕಿವಿಯಲ್ಲಿ ಕೇಳಿದೆ. “ಖರೇ ಹೇಳು. ಉಗುಳಿದೇನು?”

“ನುಂಗೀನಕ್ಕಾ, ಎಲ್ಲಾ ನುಂಗೀನಿ. ಆದ್ರ ಹೇಳಬ್ಯಾಡ. ಈಗ ಮಾತು ತಿರುವಿದ್ರ ಆ ಮನ್ಯಾಗ ನನ್ನ ಬಿಟ್ಕೊಳ್ಳಂಗಿಲ್ಲ.”

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ಹೇಳಿದರೆ ಅವಳ ಮನೆ ಹೋಗುತ್ತದೆ, ಹೇಳದಿದ್ದರೆ ಮೊದಲೇ ನಾಟದ ಅದೇ ಗುಳಿಗೆಯನ್ನು ನಂಬಿ ಜೀವ ಹೋಗುತ್ತದೆ. ನಾನು ತಾಳ್ಮೆಯವಳಲ್ಲ. ಡಾಕ್ಟರ್ ಬರುತ್ತಲೇ ದುಂಡಮ್ಮನ ಎದುರಿಗೇ ಹೇಳಿಬಿಟ್ಟೆ.

“ಬಾಯೇರ, ಆಕಿ ಗುಳಗಿ ಪೂರಾ ನುಂಗ್ಯಾಳ್ರಿ. ಉಗುಳೀನಿ ಅಂತ ಇವರು ಆಕೀ ಬಾಯಿಂದ ಹೇಳಿಸ್ಯಾರ.”

ಅನಸೂಯಾಬಾಯಿ ಗುಳಿಗೆಯನ್ನು ಟೇಬಲ್ ಮೇಲಿಟ್ಟರು. ಅವರ ಮುಖ ಕೆಂಪಾಗಿತ್ತು.

“ಮೊದಲೇ ಹೇಳಬೇಕಿತ್ತಲ್ಲ. ಈ ಗುಳಗಿಗಿ ಬಗ್ಗದ ಮಲೇರಿಯಾ ಕ್ರಿಮಿ ಈಗ ಬಂದಾವ. ಎಷ್ಟೋ ವರ್ಷದಿಂದ ಇದೊಂದೇ ಔಷಧ. ಅರ್ಧಮರ್ಧ ನುಂಗಿದವರ ಮೈಯಾಗ ಗಟ್ಟಿ ಕ್ರಿಮಿ ಸಾಯದ ಉಳದು, ಬೆಳದು, ಸೊಳ್ಳಿ ಕಡದು ಮತ್ತೊಬ್ಬರಿಗಿ ಬರತಾವ. ಈಕಿ ನುಂಗಿದ್ದೂ ಖರೇ, ಅವು ಸಾಯಲಿಲ್ಲ ಅನ್ನೂದೂ ಖರೇ. ಮತ್ತ ಇದನ್ನೇ ಕೊಟ್ಟಿದ್ರ ಈಕಿ ಉಳೀತಿದ್ದಿಲ್ಲ.”

ಸಲೈನಿನಲ್ಲಿ ಕ್ವಿನೈನ್ ಎಂಬ ಬೇರೆ ಔಷಧ ಏರಿಸಿದರು. ಕಿವಿ ಗುಂಯ್ ಅನ್ನುತ್ತದೆ ಎಂದು ಮರೆಮ್ಮ ನರಳಿದಳು. ಗುಳಿಗೆ ಉಗುಳಿದವರು ಊರಲ್ಲಿ ಆರಾಮಾಗಿ ತಿರುಗುತ್ತಿದ್ದರು, ನುಂಗಿದವಳು ಇಲ್ಲಿ ಬಿದ್ದಿದ್ದಳು.

ಜ್ವರ ನಿಧಾನವಾಗಿ ಇಳಿಯಿತು. ಅವಳು ಗಂಜಿ ಕುಡಿಯುವ ಹಾಗಾದಳು. ಮನೆಗೆ ಕಳಿಸುವ ದಿನ, ಮಂಚದ ಕಾಲ ಬಳಿ ಕೂತಿದ್ದ ದುಂಡಮ್ಮ ನನ್ನ ಜೊತೆ ಮಾತು ತೆಗೆದಳು.

“ರೇವಮ್ಮಾ, ನೀನೇ ಹೇಳು. ಎರಡು ಸಲ ಭಂಡಾರ ಹಿಡದಾಳ. ಮೊದಲಿಂದು ಖರೇ ಅಂದ್ರ ಎರಡನೇದು ಸುಳ್ಳಾತಲ್ಲ. ದೇವರ ಮುಂದ ಸುಳ್ಳಾಡಿದಾಕಿನ್ನ ಹೆಂಗ ಮನ್ಯಾಗ ತಗೋಳ್ಲಿ?”

ಹುಟ್ಟಿದಾಗಿನಿಂದ ತಾಯಿಗೆ ಎದುರಾಡದ ಕಾಶಿರಾಯ ಎದ್ದು ನಿಂತ.

“ಯವ್ವಾ, ಆ ಸುಳ್ಳು ಆಕೀದಲ್ಲ. ನಾ ಹೇಳ್ಸೀನಿ. ದೇವರ ಸಿಟ್ಟು ಬರೂದಿದ್ರ ನನ್ನ ಮ್ಯಾಲ...”

ದುಂಡಮ್ಮ ಹಾರಿ ಬಂದು ಅವನ ಬಾಯಿ ಮುಚ್ಚಿದಳು. “ಬಿಡ್ತು ಅನ್ನು, ನನ್ನಪ್ಪಾ. ಅಂಥಾ ಮಾತು ಆಡಬ್ಯಾಡ. ದೇವರಿಗಿ ಎಲ್ಲಾ ತಿಳೀತದ. ಇದರಾಗ ಯಾರದೂ ತಪ್ಪಿಲ್ಲ.”

ಅಷ್ಟು ಸುಲಭವಿತ್ತು. ಮಗನ ಮೇಲೆ ಬರುತ್ತದೆ ಎಂದಾಗ ದೇವರು ಒಂದು ಗಳಿಗೆಯಲ್ಲಿ ಕ್ಷಮಿಸಿಬಿಟ್ಟ. ಕಾಶಿರಾಯ ತಾಯಿಯ ಕೈ ಸರಿಸಲಿಲ್ಲ, ಮಾತನ್ನೂ ಮುಗಿಸಲಿಲ್ಲ.

ಮರೆಮ್ಮ ಮಂಚದ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು. “ನಡಿಯವ್ವಾ, ಮನಿಗಿ ಹೋಗಮು,” ಎಂದು ದುಂಡಮ್ಮ ಅವಳ ಚೀಲ ಎತ್ತಿಕೊಂಡಳು. ಮರೆಮ್ಮ ಆ ಕಡೆ ನೋಡದೆ ನನ್ನ ಕಡೆ ತಿರುಗಿದಳು.

“ಅಕ್ಕಾ, ನಿನ್ನ ಖೋಲ್ಯಾಗ ನನಗೊಂದು ಚಾಪಿ ಹಾಸು,” ಎಂದಳು.