ಕೆಳದರ್ಜೆಯದೆಲ್ಲ ಕರಗಿಸು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅಂತ ನನ್ನನ್ನು ಕೇಳಬೇಡಿ. ಗೊತ್ತಿದ್ದರೆ ಶುರು ಮಾಡಿಬಿಡುತ್ತಿರಲಿಲ್ಲವೇ? ಡ್ರ್ಯಾಗನ್ನಿನ ಗುಹೆಯಿಂದ ಎತ್ತಿಕೊಂಡರೆ ಓದುವವರು ಎದ್ದು ಹೋಗುವುದಿಲ್ಲ ಅಂತ ಯಾರೋ ಹೇಳಿದರು. ಸರಿ, ಹಾಗೇ ಆಗಲಿ.

“ಗುಹೆಯೊಳಗೆ ಗವ್ವೆನ್ನುವ ಕತ್ತಲು. ಕೆಂಡದಂಥ ಎರಡು ಕಣ್ಣು ತೆರೆದುಕೊಂಡವು. ಬೇಕರಿಯವನು ಕತ್ತಿ ಹಿರಿದು ಮುಂದಕ್ಕೆ—”

“ನಿಲ್ಸಿ ಸಾರ್,” ಅಂದ ಬೇಕರಿಯವನು. “ನಾನು ಆ ಗುಹೆಗೆ ಒಂದು ಸಲಾನೂ ಹೋಗಿಲ್ಲ.”

“ಯಾಕಯ್ಯಾ? ವರ್ಷಗಟ್ಟಲೆ ಆಡ್ತಿದೀಯಲ್ಲ ಈ ಆಟಾನ?”

“ನಾನು ಕಮ್ಮಾರ. ನಾನು ಗುಹೆಗೆ ಹೋದ್ರೆ ಗುರಾಣಿ ನಿಮ್ಮಪ್ಪ ಮಾಡ್ತಾನಾ?”

(ಕಥಾನಾಯಕ ಕತ್ತಿ ಹಿಡಿಯುವವನಲ್ಲವಂತೆ. ಮೇಲೆ ನಮ್ಮಪ್ಪನ ಸುದ್ದಿ ಬೇರೆ. ಪುಟ ಹರಿದು ಬುಟ್ಟಿಗೆ ಹಾಕಿದೆ.)

೧, ಇನ್ನೊಮ್ಮೆ

ಬೇಕರಿಯ ಹಿಂದೆ ಒಂದು ಕೋಣೆ. ಗೋಡೆಗೆ ಒತ್ತಿ ಮೈದಾ ಮೂಟೆಗಳು. ಕಿಟಕಿಯ ಪಕ್ಕ ಒಂದು ಕಂಪ್ಯೂಟರ್, ಅದರ ಕೀಬೋರ್ಡಿನ ಸಂದಿಸಂದಿಯಲ್ಲೂ ಹಿಟ್ಟು. ಆಚೆ ಬದಿಯ ಒಲೆಯ ಬಿಸಿ ಗೋಡೆ ದಾಟಿ ಈಚೆ ಬರುವುದರಿಂದ ಬೆಕ್ಕು ಇಲ್ಲಿಂದ ಕದಲುವುದಿಲ್ಲ. ಬೆಳಗಿನ ಬ್ರೆಡ್ಡು ಬನ್ನು ಎಲ್ಲ ಹೋಗಿ, ಅಂಗಡಿಗೆ ಯಾರೂ ಬಾರದ ಮಧ್ಯಾಹ್ನದ ಹೊತ್ತಿನಲ್ಲಿ ಬೇಕರಿಯವನು ಏಪ್ರನ್ ಕೂಡ ಬಿಚ್ಚದೆ ಬಂದು ಕೂರುತ್ತಾನೆ. ಕೂತ ಮೇಲೆ ಅವನು ಬೇಕರಿಯವನಲ್ಲ, ರೊಟ್ಟಿರಾಯ. ಆನ್‌ಲೈನ್ ಆಟದೊಳಗಿನ ಒಂದು ಬೆಟ್ಟದೂರಿನಲ್ಲಿ ಕುಲುಮೆ ಇಟ್ಟುಕೊಂಡವನು.

ಆ ಊರಿನಲ್ಲಿ ಜೊತೆಗೂಡಿ ಆಡುವವರದೊಂದು ಗಿಲ್ಡ್ ಇದೆ. ಹೆಸರು ಇಕ್ಕಳ ಬಳಗ. ಬೇಟೆಯಾಡುವವರು, ಗಿಡಮೂಲಿಕೆ ಕೀಳುವವರು, ಮೀನು ಹಿಡಿಯುವ ನೆಪದಲ್ಲಿ ಹರಟೆ ಹೊಡೆಯುವವರು ಎಲ್ಲ ಇದ್ದಾರೆ. ಅವರನ್ನೆಲ್ಲ ಪರಿಚಯಿಸುತ್ತಾ ಕೂತರೆ ನಿಮ್ಮ ತಲೆಯೂ ಕೆಡುತ್ತದೆ, ನನ್ನದೂ. ಒಬ್ಬನನ್ನು ನೆನಪಿಟ್ಟುಕೊಂಡರೆ ಸಾಕು: ಕೊಕ್ಕರೆ. ಕಟ್ಟಡ ಏಳುವ ಕಡೆ ಕ್ರೇನ್ ಓಡಿಸುವವನು. ಊಟದ ಬಿಡುವಿಗೆ ಇಳಿದು ಮತ್ತೆ ಹತ್ತಬೇಕಲ್ಲ ಅನ್ನುವ ಸೋಮಾರಿತನಕ್ಕೆ ಆಕಾಶದಲ್ಲೇ ಬುತ್ತಿ ಬಿಚ್ಚಿ, ಫೋನಿನಲ್ಲಿ ರಾಕ್ಷಸರನ್ನು ಬಡಿಯುತ್ತಾನೆ.

ಬಳಗ ಕಟ್ಟಿದವಳು ಬೇಕರಿಯವನ ದೊಡ್ಡಮ್ಮ. ಚಪ್ಪಲಿ ಕಾರ್ಖಾನೆಯಲ್ಲಿ ಹೊಲಿಗೆ ಮಾಡಿ ನಿವೃತ್ತಳಾದವಳು. ಆಟದೊಳಗೆ ಅವಳ ಹೆಸರು ದಬ್ಬಣ. ಅಕ್ಕನ ಮನೆಗೆ ಹೋದ ಹಾಗೆ ಆಟಕ್ಕೆ ಹೋಗಿ, ಕಮ್ಮಾರಿಕೆಯಲ್ಲಿ ಕಲಿಯುವುದನ್ನೆಲ್ಲ ಕಲಿತು, ತಂಗಿಯ ಮಗನಿಗೂ ಕಲಿಸಿ, ಒಂದು ದಿನ ಬಿಟ್ಟು ಹೊರಟುಹೋದಳು. ಅವಳು ಹೋದ ಮೇಲೆ ಬಳಗ ನಡೆಯಿತು, ನಿಂತೇನೂ ಹೋಗಲಿಲ್ಲ. ಆದರೆ ಬೈಯುವವರಿಲ್ಲದ ಮನೆಯ ಹಾಗಾಯಿತು.

೨

ಈಗ ಹೆಲ್ಮೆಟ್ಟಿನ ವಿಷಯ. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ, ಎರಡನೇ ಸಲ ಹೇಳುವುದಿಲ್ಲ.

ಈ ಆಟದಲ್ಲಿ ಯಾರು ಏನು ಮಾಡಿದರೂ ಅದರ ಕೆಳಗೆ ಅವರ ಹೆಸರು ಬೀಳುತ್ತದೆ. ಬಳಗದ ಹಜಾರದ ಗೋಡೆಯ ಮೇಲೆ ಒಂದು ಕಬ್ಬಿಣದ ಹೆಲ್ಮೆಟ್ಟಿತ್ತು. ಎಡಗಡೆ ಯಾರೋ ಕೂತು ಎದ್ದ ಹಾಗೆ ತಗ್ಗು. ಒಂದು ಕಿವಿ ಮುಚ್ಚಿದರೆ ಇನ್ನೊಂದು ಕಿವಿ ಹೊರಗೆ. ಕೆಳಗೆ “ಮಾಡಿದವರು: ದಬ್ಬಣ” ಎಂದಿತ್ತು. ದೊಡ್ಡಮ್ಮ ಆಟಕ್ಕೆ ಬಂದ ಹೊಸದರಲ್ಲಿ ಕುಟ್ಟಿದ ಮೊದಲ ಸಾಮಾನು. ಕ್ವೆಸ್ಟಿಗೆ, ಅಂದರೆ ಆಟದೊಳಗಿನ ಸಾಹಸಯಾತ್ರೆಗೆ, ಹೊರಡುವ ಪ್ರತಿಯೊಬ್ಬನೂ ಬಾಗಿಲು ದಾಟುವ ಮುಂಚೆ ಆ ಸೊಟ್ಟ ಹೆಲ್ಮೆಟ್ಟನ್ನು ಒಮ್ಮೆ ಮುಟ್ಟಬೇಕು. ಅದು ಬಳಗದ ರೂಢಿ. ಕೊಕ್ಕರೆ ಒಮ್ಮೆ ಮುಟ್ಟದೆ ಹೊರಟು, ಡ್ರ್ಯಾಗನ್ ಮಾತು ಹಾಗಿರಲಿ, ಕೆರೆಯ ಹತ್ತಿರ ಬಾತುಕೋಳಿಯ ಕೈಯಲ್ಲಿ ಸತ್ತ.

ಹಜಾರ ಸಣ್ಣದಾಯಿತು ಅಂತ ಬಳಗದವರು ಗೋಡೆ ಒಡೆದು ದೊಡ್ಡದು ಕಟ್ಟಿದರು. ಗೋಡೆ ಒಡೆದಾಗ ಅದರ ಮೇಲಿದ್ದದ್ದೆಲ್ಲ ಬಳಗದ ಪೆಟ್ಟಿಗೆಗೆ ಬೀಳುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಹಾಗಾಗಿ ಯಾರಿಗೂ ನೆನಪಾಗಲಿಲ್ಲ.

ಬೇಕರಿಯಲ್ಲಿ ಒಂದು ಪದ್ಧತಿ. ದಿನದ ಕೊನೆಗೆ ಉಳಿದ ಬ್ರೆಡ್ಡು, ಬನ್ನು, ಮುರಿದದ್ದು, ಅಂಚು ಸೀದದ್ದು ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದು ಒಣಗಿಸಿ ಪುಡಿ ಮಾಡುವುದು. ಆರಿಸುತ್ತಾ ಕೂರುವಂತಿಲ್ಲ. ಆಟದೊಳಗೂ ಅವನ ಕೈ ಅದೇ ಕೈ. ಗುಹೆಯ ಕ್ವೆಸ್ಟಿಗೆ ಗುರಾಣಿಗಳು ಬೇಕಿದ್ದವು, ಗುರಾಣಿಗೆ ಕಬ್ಬಿಣ. ಪೆಟ್ಟಿಗೆ ತೆರೆದ. “ಕೆಳದರ್ಜೆಯದೆಲ್ಲ ಕರಗಿಸು” ಎಂಬ ಗುಂಡಿ ಒತ್ತಿದ. ಖಚಿತವೇ ಎಂದು ಆಟ ಕೇಳಿತು. ಆಟ ದಿನಾ ಕೇಳುತ್ತದೆ, ಇವನು ದಿನಾ ಹೌದು ಅನ್ನುತ್ತಾನೆ.

ಗುರಾಣಿಗಳು ಚೆನ್ನಾಗಿ ಬಂದವು.

ಹೊಸ ಗೋಡೆಗೆ ಹಳೆಯ ಮೊಳೆ ಹೊಡೆಯುವಾಗಲೇ ಅವನಿಗೆ ಹೆಲ್ಮೆಟ್ಟು ನೆನಪಾದದ್ದು. ಸರಿಯಾಗಿ ಆಗಲೇ ದೊಡ್ಡಮ್ಮನ ಫೋನು: “ಲೋ, ನಾಳೆ ಮಧ್ಯಾಹ್ನ ಬರ್ತೀನಿ ಕಣೋ. ಗುಹೆಗೆ ಹೋಗ್ತಾರಂತಲ್ಲ ಎಲ್ರೂ, ನಾನೂ ಒಂದು ಕೈ ನೋಡೋಣ ಅಂತ. ನನ್ನ ಟೋಪಿ ಧೂಳು ಒರೆಸಿಡು.”

೩

(ಇಲ್ಲಿ ದೊಡ್ಡಮ್ಮನನ್ನು ಸಾಯಿಸೋಣ ಅಂತಿದ್ದೆ. ತೀರಿಕೊಂಡವಳ ಕೊನೆಯ ಗುರುತು, ಅದನ್ನೂ ಕರಗಿಸಿಬಿಟ್ಟ ಮಗ. ಓದುಗರು ಮೂಗು ಒರೆಸಿಕೊಳ್ಳುತ್ತಿದ್ದರು. ಎರಡು ಸಾಲು ಬರೆದೂ ಆಗಿತ್ತು.)

“ನಾನ್ಯಾಕಪ್ಪಾ ಸಾಯ್ಬೇಕು?” ಅಂದಳು ದೊಡ್ಡಮ್ಮ, ನನ್ನ ಹಾಳೆಯ ಮೇಲೆ ಬಗ್ಗಿ.

“ಹಾಗಲ್ಲಮ್ಮಾ, ಕಥೆಗೆ ಸ್ವಲ್ಪ ತೂಕ ಬರುತ್ತೆ ಅಂತ...”

“ತೂಕ ಬೇಕಿದ್ರೆ ಒಂದು ಮೂಟೆ ಮೈದಾ ಎತ್ತಿ ಇಡು. ನನಗೆ ಏನಾಗಿದೆ ಅಂತ? ಕಮ್ಮಾರಿಕೇಲಿ ಕಲಿಯೋಕೆ ಏನೂ ಉಳೀಲಿಲ್ಲ, ಬೇಜಾರಾಯ್ತು, ಈಜು ಕಲಿಯೋಕೆ ಸೇರ್ಕೊಂಡೆ. ಈಗ ಕೊಳದ ನೀರು ಖಾಲಿ ಮಾಡಿ ಟೈಲ್ಸ್ ಹಾಕ್ತಿದಾರೆ. ಅದಕ್ಕೆ ವಾಪಸ್ ಬಂದೆ. ಬರ್ಕೋ.”

ಬರೆದುಕೊಂಡೆ. ಏನು ಮಾಡಲಿ. ಟೈಲ್ಸ್ ಹಾಕುವವರೆಗೆ ಮಾತ್ರ ಬರುವ ಹೆಂಗಸನ್ನು ಇಟ್ಟುಕೊಂಡು ಯಾರನ್ನು ಅಳಿಸುವುದು?

ಆದರೆ ಬೇಕರಿಯವನಿಗೆ ಅದೇ ದೊಡ್ಡ ಚಿಂತೆ. ಬಂದವಳು ಉಳಿಯಬೇಕು. ಮತ್ತೆ ಹಜಾರದಲ್ಲಿ ಕೂತು ಎಲ್ಲರನ್ನೂ ಬೈಯಬೇಕು. ಬರುತ್ತಿದ್ದ ಹಾಗೇ ಖಾಲಿ ಮೊಳೆ ನೋಡಿದರೆ, ಒಣಗಿದ ಕೊಳವೇ ವಾಸಿ ಅಂತ ಹೊರಟುಹೋಗುತ್ತಾಳೆ.

೫

(ನಾಲ್ಕನ್ನು ಹುಡುಕಬೇಡಿ. ಅದರಲ್ಲಿ ಬೇಕರಿಯವನು ಯೋಚಿಸುತ್ತಾ ಕೂತಿದ್ದ. ಗಂಡಸು ಯೋಚಿಸುವುದನ್ನು ಒಂದು ಇಡೀ ಪುಟ ಓದುವ ಕರ್ಮ ನಿಮಗೇಕೆ?)

ಅವನು ಹೊಸದೊಂದನ್ನು ಮಾಡಿದ. ಅದೇ ಕಬ್ಬಿಣ, ಅದೇ ಅಳತೆ. ಸೊಟ್ಟ ಬರಲಿ ಅಂತ ಸುತ್ತಿಗೆಯನ್ನು ಬೇಕೆಂದೇ ಅಡ್ಡಾದಿಡ್ಡಿ ಹೊಡೆದ. ಆದರೆ ಆಟಕ್ಕೆ ಅವನ ದರ್ಜೆ ಗೊತ್ತು. ಪಳಗಿದ ಕೈಯಿಂದ ಕೆಟ್ಟ ಸಾಮಾನು ಹುಟ್ಟಲು ಅದು ಬಿಡುವುದಿಲ್ಲ. ಎಲ್ಲಿ ಹೊಡೆದರೂ ಹೆಲ್ಮೆಟ್ಟು ಗುಂಡಗೆ, ಕನ್ನಡಿಯಂತೆ ಹೊಳೆಯುತ್ತಾ ಎದ್ದುಬಂತು. ಅದನ್ನೇ ಮೊಳೆಗೆ ತೂಗುಹಾಕಿದ.

ಮರುದಿನ ಮಧ್ಯಾಹ್ನ ದೊಡ್ಡಮ್ಮ ಬಂದಳು. ಚಪ್ಪಲಿ ಬಿಟ್ಟು, ಬೆಕ್ಕನ್ನು ಮೂಟೆಯಿಂದ ಇಳಿಸಿ, ತಾನು ಕೂತು, ತಂದಿದ್ದ ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡಳು. ಸ್ಪೀಕರಿನೊಳಗಿಂದ ಕೊಕ್ಕರೆ, “ಬಂದ್ರಾ ದೊಡ್ಡಮ್ಮಾ? ಗಾಳಿ ಜಾಸ್ತಿ ಇದೆ ಇಲ್ಲಿ, ಜೋರಾಗಿ ಮಾತಾಡಿ!” ಎಂದು ಕಿರುಚಿದ.

“ಕ್ರೇನ್ ನಿಲ್ಸಿದೀಯೇನೋ?”

“ನಿಲ್ಸಿ, ಬೀಗ ಹಾಕಿ, ಅನ್ನ ಕಲೆಸ್ತಾ ಇದೀನಿ.”

ದಬ್ಬಣ ಹಜಾರಕ್ಕೆ ಕಾಲಿಟ್ಟಳು. ನೇರವಾಗಿ ಗೋಡೆಯ ಹತ್ತಿರ ಹೋದಳು. ನಿಂತಳು. ಹೆಲ್ಮೆಟ್ಟಿನ ಕೆಳಗೆ ಬರೆದದ್ದನ್ನು ದೊಡ್ಡದಾಗಿ ಓದಿದಳು: “ಮಾಡಿದವರು, ರೊಟ್ಟಿರಾಯ.”



“ಕರಗಿಸಿಬಿಟ್ಟೆ ದೊಡ್ಡಮ್ಮಾ,” ಅಂದ ಬೇಕರಿಯವನು. “ಎಲ್ಲ ಒಟ್ಟಿಗೆ ಒತ್ತಿಬಿಟ್ಟೆ. ನಿನ್ನದು ಈಗ ಇವ್ರೆಲ್ಲರ ಗುರಾಣೀಲಿದೆ.”

ಇಲ್ಲಿ ಮೂರು ದಾರಿ

ಒಂದು: ದೊಡ್ಡಮ್ಮ ಲ್ಯಾಪ್‌ಟಾಪ್ ಮಡಚಿ ಎದ್ದು ಹೋದಳು. (ಬರೆದು ನೋಡಿದೆ. ಬೇಕರಿಯವನ ಮುಖ ನೋಡಲಾಗಲಿಲ್ಲ. ಹೊಡೆದು ಹಾಕಿದೆ.)

ಎರಡು: ದೊಡ್ಡಮ್ಮ ಅವನ ತಲೆ ಸವರಿ, ಹೋಗಲಿ ಬಿಡೋ ಮಗನೇ, ಎಲ್ಲರ ಗುರಾಣಿಯಲ್ಲೂ ನಾನಿದ್ದೇನಲ್ಲ ಅಂದಳು. (ಥೂ. ಮದುವೆ ಭಾಷಣದ ಹಾಗಿದೆ. ಅವಳಾದರೂ ಇಂಥ ಮಾತು ಆಡುತ್ತಾಳೆಯೇ?)

ಮೂರನೆಯದನ್ನು ನಾನು ಬರೆಯಲಿಲ್ಲ. ಪೆನ್ನು ಎತ್ತುವ ಮೊದಲೇ ಅವಳು ಶುರು ಹಚ್ಚಿಕೊಂಡಳು.

“ಕರಗಿಸಿದ್ದಕ್ಕಲ್ಲ ಕಣೋ ಕತ್ತೆ! ಕಬ್ಬಿಣ ಇರೋದೇ ಕರಗೋಕೆ. ಈ ಹೊಳೆಯೋದನ್ನ ತಂದು ನೇತು ಹಾಕಿದೀಯಲ್ಲ, ಅದಕ್ಕೆ ಬಿಡಬೇಕು ನಿನಗೆ ಎರಡು! ಆ ಸೊಟ್ಟ ಟೋಪಿ ಯಾಕೆ ಇಟ್ಟಿದ್ದೆ ಅಲ್ಲಿ? ಚಂದಕ್ಕಾ? ಹೊಸದಾಗಿ ಬಂದವರು ಬಾಗಿಲಲ್ಲಿ ಅದನ್ನ ನೋಡಿ, ಓ, ಇಲ್ಲಿ ನಮ್ಮಂಥವರೂ ಇರಬಹುದು ಅಂತ ಒಳಗೆ ಬರ್ಲಿ ಅಂತ. ಇದನ್ನ ನೋಡಿದ್ರೆ ಯಾರು ಬರ್ತಾರೆ? ಆಭರಣದ ಅಂಗಡಿ ಅನ್ಕೊಂಡು ಹಾಗೇ ಮುಂದೆ ಹೋಗ್ತಾರೆ!”

“ಅದಕ್ಕೇ ನಿನ್ನೆಯಿಂದ ಯಾರೂ ಹೊಸಬರು ಬಂದಿಲ್ಲ ಅನ್ಸುತ್ತೆ,” ಅಂದ ಕೊಕ್ಕರೆ.

“ನೀನು ಅನ್ನ ತಿನ್ನು.”

೬

ದೊಡ್ಡಮ್ಮ ತಾನೇ ಕುಲುಮೆಗೆ ಇಳಿದಳು. ತಿದಿ ಒತ್ತಿ ಬೆಂಕಿ ಊದಿದಳು, ಕಬ್ಬಿಣ ಕಾಯಿಸಿದಳು, ಕುಟ್ಟಿದಳು. ಹೆಲ್ಮೆಟ್ಟು ಗುಂಡಗೆ ಹೊಳೆಯುತ್ತಾ ಬಂತು. ಎಡಗೈಯಲ್ಲಿ ಕುಟ್ಟಿದಳು. ಇನ್ನೂ ಹೊಳೆಯಿತು. ಕಣ್ಣು ಮುಚ್ಚಿಕೊಂಡು ಕುಟ್ಟಿದ್ದಕ್ಕೆ ಆಟ ಅವಳಿಗೆ ಒಂದು ಪದಕ ಕೊಟ್ಟಿತು.

“ಹಾಳಾದ್ದು! ಕೆಟ್ಟದಾಗಿ ಮಾಡೋಕೇ ಬರ್ತಿಲ್ವಲ್ಲೋ ನನಗೆ!”

ಅಷ್ಟು ಹೊತ್ತಿಗೆ ಬೇಕರಿಯವನ ಹೆಂಡತಿ ಬಂದಳು. ಸಿಟಿ ಬಸ್ ಓಡಿಸುವವಳು. ಬೆಳಗಿನ ಪಾಳಿ ಮುಗಿಸಿ, ಖಾಕಿ ಶರ್ಟಿನ ಮೇಲಿನ ಗುಂಡಿ ಬಿಚ್ಚಿ, ಅಂಗಡಿಯಿಂದ ಒಂದು ಬನ್ನು ಎತ್ತಿಕೊಂಡು ಬಾಗಿಲಿಗೆ ಒರಗಿ ನಿಂತಳು. ಗಂಡನ ಈ ಆಟಕ್ಕೆ ಅವಳಿಟ್ಟ ಹೆಸರು ತಗಡು ಕುಟ್ಟೋದು. ಮದುವೆಯಾದಾಗಿನಿಂದ ಒಂದು ದಿನವೂ ಅದರ ಹತ್ತಿರ ಸುಳಿದವಳಲ್ಲ.

“ಏನ್ರೀ ಇದು, ದೊಡ್ಡಮ್ಮನ ಕೈಲೂ ತಗಡು ಕುಟ್ಟಿಸ್ತಿದೀರಾ?”

ದೊಡ್ಡಮ್ಮ ತಲೆಯೆತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಪೇಟೆಯಲ್ಲಿ ಕುಂಬಳಕಾಯಿ ಆರಿಸುವಾಗ ನೋಡುತ್ತಾರಲ್ಲ, ಹಾಗೆ.

“ಬಾರೇ ಇಲ್ಲಿ. ಸುತ್ತಿಗೆ ಹಿಡಿ.”

“ನಾನಾ? ನನಗೇನೂ ಬರಲ್ಲ ದೊಡ್ಡಮ್ಮಾ.”

“ಅದಕ್ಕೇ ಕರೆದದ್ದು.”

(ಇದು ನನ್ನ ಯೋಜನೆಯಲ್ಲಿ ಇರಲೇ ಇಲ್ಲ. ಹೆಂಡತಿಯನ್ನು ನಾನು ಬನ್ನು ತಿಂದು ಹೋಗಲಿಕ್ಕೆ ಮಾತ್ರ ಕರೆದಿದ್ದೆ.)

ಬೇಕರಿಯವನು ತನ್ನ ಖಾತೆ ಮುಚ್ಚಿ, ಅವಳಿಗೊಂದು ಹೊಸದು ತೆರೆದು, ಕುರ್ಚಿ ಬಿಟ್ಟುಕೊಟ್ಟ. ಹೆಸರು ಕೊಡಿ ಅಂತ ಆಟ ಕೇಳಿತು. ಅವಳು ಬನ್ನು ಅಗಿಯುತ್ತಾ ಹ್ಯಾಂಡ್‌ಬ್ರೇಕ್ ಎಂದು ಹೊಡೆದಳು. ಕುಲುಮೆಯ ಮುಂದೆ ನಿಂತ ಮೇಲೆ ಅಗಿಯುವುದು ನಿಂತಿತು. ಬೆನ್ನು ನೆಟ್ಟಗಾಯಿತು. ಇಕ್ಕಟ್ಟಾದ ತಿರುವಿನಲ್ಲಿ ಬಸ್ಸು ಹಿಂದಕ್ಕೆ ತೆಗೆಯುವಾಗಿನ ಮುಖ ಅದು. ಬೇಕರಿಯವನು ಆ ಮುಖವನ್ನು ಬಸ್ಸಿನಲ್ಲಿ ಕೂತಾಗ ಕನ್ನಡಿಯಲ್ಲಿ ನೋಡಿದ್ದ, ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವಳು ಒಂದೊಂದು ಏಟನ್ನೂ ಲೆಕ್ಕ ಹಾಕಿ ಹೊಡೆದಳು. ಏಟಿನ ಹೊತ್ತು ತಪ್ಪಿತು, ಕಬ್ಬಿಣ ಆರಿತು, ಮತ್ತೆ ಕಾಯಿಸಿದಳು, ಮತ್ತೆ ಹೊಡೆದಳು.

ಹೆಲ್ಮೆಟ್ಟು ಬಂತು. ಎಡಗಡೆ ತಗ್ಗಲ್ಲ, ಬಲಗಡೆ. ಮೇಲೆ ಒಂದು ಬುಗುಟು. ದೊಡ್ಡಮ್ಮನ ಕಾಲದಲ್ಲಿ ಒಂದು ಕಿವಿಯಾದರೂ ಒಳಗಿತ್ತು, ಇದರಲ್ಲಿ ಎರಡೂ ಹೊರಗೆ. ಕೆಳಗೆ: “ಮಾಡಿದವರು: ಹ್ಯಾಂಡ್‌ಬ್ರೇಕ್.”

“ಅಬ್ಬಾ!” ಅಂದಳು ದೊಡ್ಡಮ್ಮ, ಕಣ್ಣಲ್ಲಿ ನೀರು ಬರುವಷ್ಟು ಖುಷಿಯಾಗಿ. “ನನ್ನದಕ್ಕಿಂತ ಸೊಟ್ಟ!”

“ತೋರ್ಸಿ, ತೋರ್ಸಿ!” ಕೊಕ್ಕರೆ ಮೇಲಿನಿಂದ ಕುಣಿದ. “ಆಹಾ! ಗುರು, ಮೊಳೆ ಖಾಲಿ ಮಾಡು, ಬೇಗ ಹಾಕು, ಮುಟ್ಟಿ ಹೊರಡ್ತೀನಿ. ನನ್ನ ಬಿಡುವು ಮುಗೀತಾ ಬಂತು!”

ಬೇಕರಿಯವನು ಫೋನಿನಲ್ಲಿ ಆಟ ತೆರೆದು ತನ್ನ ಹೊಳೆಯುವ ಹೆಲ್ಮೆಟ್ಟನ್ನು ಇಳಿಸಿದ. ಇಳಿಸುವಾಗ ಅವನಿಗೆ ಸಣ್ಣ ನಗು.

ಇಲ್ಲಿಗೆ ಮುಗಿಸಬಹುದಿತ್ತು. ಎಲ್ಲರೂ ಸುಖವಾಗಿದ್ದರು, ನನಗೂ ಕಾಫಿಯ ಹೊತ್ತಾಗಿತ್ತು.

“ಯಾರು ಹೇಳಿದ್ದು ಇದನ್ನ ಗೋಡೆಗೆ ಹಾಕ್ತೀನಿ ಅಂತ?” ಅಂದಳು ಹೆಂಡತಿ.

೭

“ಅಲ್ವೇ, ಅದಕ್ಕೇ ತಾನೆ ಮಾಡಿಸಿದ್ದು,” ಅಂದ ಬೇಕರಿಯವನು.

“ಸರಿಯಾಗೇ ಹೊಡೆದೆ ನಾನು! ಮೂರನೇ ಏಟು ಒಂದು ಚೂರು ತಡ ಆಯ್ತು, ಅಷ್ಟೇ. ಇದನ್ನ ನನ್ನ ಹೆಸರು ಹಾಕಿ ನಾಲ್ಕು ಜನ ನೋಡೋ ಹಾಗೆ ನೇತು ಹಾಕ್ತೀರಾ? ಇದನ್ನ ಕರಗಿಸ್ತೀನಿ. ಇನ್ನೊಂದು ಮಾಡ್ತೀನಿ. ಗುಂಡಿ ಎಲ್ಲಿದೆ? ಇದೇನಾ?”

“ಬೇಡ ಕಣೇ!”

“ಮುಟ್ಬೇಡಿ ಅಕ್ಕಾ, ನಾನಿನ್ನೂ ಮುಟ್ಟಿಲ್ಲ!” ಅಂತ ಕೊಕ್ಕರೆ.

ದೊಡ್ಡಮ್ಮ ಮಾತ್ರ ಲ್ಯಾಪ್‌ಟಾಪನ್ನು ಮೂಟೆಯ ಮೇಲಿಟ್ಟು, ಒಂದು ಸ್ಟೂಲು ಎಳೆದುಕೊಂಡು ಹೆಂಡತಿಯ ಪಕ್ಕ ಕೂತಳು.

“ಇನ್ನೊಂದು ಮಾಡೋದಾದ್ರೆ ತಿದಿ ಮೊದಲು ನೋಡು. ಬೆಂಕಿ ನಿನ್ನ ಕೈಗೆ ಬರೋ ತನಕ ಸುತ್ತಿಗೆ ಎತ್ತಬೇಡ. ಬೆಣ್ಣೆ ಬಿಸ್ಕತ್ ತಾರೋ, ಇದು ಇವತ್ತಿಗೆ ಮುಗಿಯೋ ಕೆಲಸ ಅಲ್ಲ.”

“ಮತ್ತೆ ನಿನ್ನ ಕೊಳ?” ಅಂದ ಬೇಕರಿಯವನು. ಬೆಳಗಿನಿಂದ ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಅದು.

“ನೀರು ತುಂಬಿದ್ರೆ ತುಂಬ್ಲಿ. ಅದೇನು ಎದ್ದು ಓಡಿಹೋಗುತ್ತಾ?”

ಅವನು ಬಿಸ್ಕತ್ತು ತರಲು ಎದ್ದ. ಬಾಗಿಲಲ್ಲಿ ಹಿಂದಿರುಗಿ ನೋಡಿದರೆ ಎರಡು ಬೆನ್ನುಗಳು, ಒಂದು ಖಾಕಿ, ಒಂದು ಹೂವಿನ ಸೀರೆ, ಒಂದೇ ಪರದೆಗೆ ಬಗ್ಗಿದ್ದವು. ಆಗಲೇ ಬೈಗುಳ ಶುರುವಾಗಿತ್ತು.

ಹೆಲ್ಮೆಟ್ಟು ಏನಾಯಿತು ಅಂತ ನೀವು ಕೇಳುತ್ತೀರಿ. ನ್ಯಾಯವೇ. ನಾನೂ ಮುಗಿಸೋಣ ಅಂತಲೇ ಬರೆದೆ: “ಅವಳು ಗುಂಡಿ ಒತ್ತಿ—”

“ಸಾರ್,” ಅಂದಳು ಹೆಂಡತಿ, ತಿರುಗಿಯೂ ನೋಡದೆ. “ಬಸ್ಸಿನಲ್ಲಿ ಡ್ರೈವರ್ ಜೊತೆ ಮಾತಾಡಬಾರದು ಅಂತ ಬೋರ್ಡ್ ಹಾಕಿರ್ತಾರೆ, ಓದಿಲ್ವಾ?”

ಪೆನ್ನು ಕೆಳಗಿಟ್ಟೆ. ಮೊಳೆ ಖಾಲಿಯಿದೆ. ಡ್ರ್ಯಾಗನ್ನು ಗುಹೆಯಲ್ಲಿ ಆಕಳಿಸುತ್ತಿರಬೇಕು. ಅವಳ ಬೆರಳು ಗುಂಡಿಯ ಮೇಲಿದೆ, ಖಚಿತವೇ ಎಂದು ಆಟ ಕೇಳಿದೆ, ಅವಳು ಅರ್ಧ ಬನ್ನನ್ನು ಬಾಯಲ್ಲಿ ಕಚ್ಚಿಕೊಂಡು ಇನ್ನೂ ಯೋಚಿಸುತ್ತಿದ್ದಾಳೆ. ಆಕಾಶದಿಂದ ಕೊಕ್ಕರೆ ಕೂಗುತ್ತಿದ್ದಾನೆ:

“ಅಕ್ಕಾ, ನಾನು ಹೊರಡ್ಲಾ, ಬೇಡ್ವಾ?”